ಮೂರು ವಾರಕ್ಕೊಂದು ಗುರುವಾರ

ನವೆಂಬರ್ 18, ಸೋಮವಾರ. ಬೆಳಗ್ಗೆ ಒಂಬತ್ತೂವರೆಗೆ ಕೊಸ್ಕಿಲಾ ಪೊಲೀಸ್ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ಏನೂ ಕಳುವಾಗಿರಲಿಲ್ಲ, ಯಾರೂ ಯಾರಿಗೂ ಹೊಡೆದಿರಲಿಲ್ಲ. ತಾನು ಎಂಟು ತಿಂಗಳಿಂದ ಫೋನಿನಲ್ಲಿ ಮಾತಾಡಿಸುತ್ತ ಬಂದ ರೋಗಿ ಆ ರೋಗಿಯೇ ಅಲ್ಲ ಎಂಬುದು ದೂರು. ಕೊಟ್ಟವಳು ಕೇಂದ್ರ ಆಸ್ಪತ್ರೆಯ ಕ್ಯಾನ್ಸರ್ ವಿಭಾಗದ ನರ್ಸ್ ಮಾರ್ಯುತ್ ಇಲೋಲಾ.

ಇನ್‌ಸ್ಪೆಕ್ಟರ್ ರಿತ್ವಾ ಸಾರೆಲ್ಮಾ ಅವಳಿಗೆ ಕಾಫಿ ಕೊಟ್ಟು, ಅವಳು ಕುಡಿಯುವ ತನಕ ಸುಮ್ಮನಿದ್ದಳು. ಈ ಸೀಮೆಯಲ್ಲಿ ಅವಸರ ಮಾಡಿದರೆ ಜನರ ಬಾಯಿಗೆ ಬೀಗ ಬೀಳುತ್ತದೆ. ಮೂವತ್ತು ವರ್ಷದ ನೌಕರಿಯಲ್ಲಿ ಅವಳು ಕಲಿತ ಮುಖ್ಯ ವಿದ್ಯೆ ಅದೇ.

ಮಾರ್ಯುತ್ ಹೇಳಿದ್ದು ಇಷ್ಟು. ರೋಗಿಯ ಹೆಸರು ಕೌಕೊ ರೌತಿಯೋಲಾ, ಎಪ್ಪತ್ತಮೂರು ವರ್ಷ, ಹಿಂದೆ ಗರಗಸದ ಕಾರ್ಖಾನೆಯಲ್ಲಿದ್ದವನು. ಚರ್ಮದ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. ಮೂರು ವಾರಕ್ಕೊಮ್ಮೆ, ಗುರುವಾರ, ಇಮ್ಯುನೊಥೆರಪಿ ಔಷಧದ ಡ್ರಿಪ್. ಹಿಂದಿನ ದಿನ ಮಾರ್ಯುತ್ ಫೋನ್ ಮಾಡಿ ಅವವೇ ಪ್ರಶ್ನೆಗಳನ್ನು ಕೇಳುತ್ತಿದ್ದಳು: ಭೇದಿ ಇದೆಯಾ, ಉಸಿರು ಕಟ್ಟುತ್ತದಾ, ಮೈಮೇಲೆ ದದ್ದು ಎದ್ದಿದೆಯಾ, ಹಿಂದೆಂದೂ ಇಲ್ಲದಂಥ ಸುಸ್ತಾ? ಪ್ರತಿ ಸಲವೂ ಒಂದು ದಪ್ಪ ದನಿ, ಸಾವಕಾಶವಾಗಿ, ಏನೂ ಇಲ್ಲ ಎನ್ನುತ್ತಿತ್ತು. ಅಕ್ಟೋಬರ್ ಮೂವತ್ತರಂದೂ ಹಾಗೇ ಅಂದಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಕೌಕೊನ ಕರುಳು ತೂತುಬಿದ್ದು, ತುರ್ತಾಗಿ ಹೊಟ್ಟೆ ಕೊಯ್ಯಬೇಕಾಯಿತು.

"ಇವತ್ತು ಬೆಳಗ್ಗೆ ಐಸಿಯುಗೆ ಹೋಗಿದ್ದೆ. ನಾನು ಸರಿಯಾಗಿ ಕೇಳ್ಲಿಲ್ವೇನೋ ಅಂತ ಮನಸ್ಸು ಕೊರೀತಾ ಇತ್ತು" ಅಂದಳು ಮಾರ್ಯುತ್. "ಅವರು ಕಣ್ಣು ಬಿಟ್ರು. ನೀರು ಬೇಕು ಅಂದ್ರು. ತೆಳ್ಳಗಿನ ದನಿ, ಮೂಗಿನಿಂದ ಬರೋ ಹಾಗೆ. ನಾನು ಫೋನಲ್ಲಿ ಕೇಳಿದ ದನಿ ಅದಲ್ಲ."

"ಡ್ರಿಪ್ ಹಾಕೋವಾಗ ನೀವು ನೋಡಿರಲಿಲ್ವಾ?"

"ಇಲ್ಲ. ನಂದು ಫೋನ್ ಕೆಲಸ. ಕುರ್ಚಿ ಹತ್ರ ಬೇರೆಯವರು ಇರ್ತಾರೆ. ಅವರು ನಾನು ಬರೆದದ್ದು ನೋಡ್ತಾರೆ, ಎಲ್ಲಾ ಸರಿ ಇದೆಯಲ್ವಾ ಅಂತಾರೆ. ನಮ್ಮ ಗಂಡಸರು ಅದಕ್ಕೆ ಏನಂತಾರೆ ಅಂತ ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಕಾಲು ಮುರಿದುಕೊಂಡು ಕಾಡಿನಿಂದ ತೆವಳಿ ಬಂದವನೂ ಇಲ್ಲಿ "ಅಂಥದ್ದೇನಿಲ್ಲ" ಎಂದೇ ಮಾತು ಶುರು ಮಾಡುತ್ತಾನೆ. ರಿತ್ವಾಳ ಅಪ್ಪ ಸಾಯುವ ದಿನವೂ ಹಾಗೇ ಅಂದಿದ್ದ.

ಹನ್ನೊಂದು ಗಂಟೆಗೆ ದೂರು ದಾಖಲಾಯಿತು. ಮಧ್ಯಾಹ್ನ ರಿತ್ವಾ ಮತ್ತು ಕಾನ್‌ಸ್ಟೆಬಲ್ ಹುರ್ಮೆ ಆಸ್ಪತ್ರೆ ತಲುಪಿದಾಗ ಕೌಕೊಗೆ ಜ್ವರ ಏರಿ, ಅವನನ್ನು ಮತ್ತೆ ಆಪರೇಷನ್‌ಗೆ ಒಯ್ದಿದ್ದರು. ಡಾಕ್ಟರ್ ಹೆನ್ನಾ ಔಲಂಕೊ ನಿಂತುಕೊಂಡೇ ಮಾತಾಡಿದಳು.

"ಈ ಔಷಧ ಕ್ಯಾನ್ಸರನ್ನ ನೇರವಾಗಿ ಕೊಲ್ಲಲ್ಲ. ನಮ್ಮ ಮೈಯೊಳಗಿನ ಕಾವಲು ಪಡೆಗೆ ಇರೋ ಬ್ರೇಕ್ ತೆಗೆಯುತ್ತೆ, ಅಷ್ಟೆ. ಬ್ರೇಕ್ ತೆಗೆದ ಮೇಲೆ ಅದು ಕ್ಯಾನ್ಸರ್ ಒಂದನ್ನೇ ಹೊಡೆಯುತ್ತೆ ಅಂತಿಲ್ಲ. ಕರುಳು, ಶ್ವಾಸಕೋಶ, ಲಿವರ್, ಯಾವುದರ ಮೇಲೂ ಬೀಳಬಹುದು. ಮೊದಲನೇ ಡ್ರಿಪ್ ಆದಮೇಲೂ ಬೀಳಬಹುದು, ಔಷಧ ನಿಲ್ಲಿಸಿ ತಿಂಗಳುಗಳು ಕಳೆದ ಮೇಲೂ."

"ಬಿದ್ರೆ?"

"ಬೇಗ ಹೇಳಿದ್ರೆ ಸ್ಟಿರಾಯ್ಡ್ ಕೊಟ್ಟು ಹದಕ್ಕೆ ತರ್ತೀವಿ. ಹೆಚ್ಚಿನವರದ್ದು ಹದಕ್ಕೆ ಬರುತ್ತೆ. ಬರೀ ಭೇದಿ ಕಟ್ಟೋ ಮಾತ್ರೆ ನುಂಗ್ತಾ ಕೂತ್ರೆ ಹೊರಗೆ ಕಾಣಲ್ಲ, ಒಳಗೆ ಕರುಳು ಸುಡ್ತಾನೇ ಇರುತ್ತೆ." ಅವಳು ಗಡಿಯಾರ ನೋಡಿಕೊಂಡಳು. "ಇವರಿಗೆ ಇದು ಯಾವಾಗ ಶುರುವಾಯ್ತು, ಏನೇನು ಮಾತ್ರೆ ತಗೊಂಡ್ರು, ಎಷ್ಟು ದಿನ? ಇದು ನನಗೆ ಬೇಕು. ಮುಂದೆ ಏನು ಕೊಡಬೇಕು ಅನ್ನೋದು ಅದರ ಮೇಲಿದೆ. ಉಳೀತಾರೆ ಅಂತ ಈಗ ಹೇಳಕ್ಕಾಗಲ್ಲ."

ರಿತ್ವಾ ಇನ್ನೊಂದು ವಿಷಯ ಕೇಳಿದಳು. ಗುರುವಾರ ಕೌಕೊನನ್ನು ಮೊದಲು ಕೊಸ್ಕಿಲಾದ ಚಿಕ್ಕ ಆಸ್ಪತ್ರೆಗೆ ಸೇರಿಸಿದ್ದರು. ಅಲ್ಲಿಯ ಡಾಕ್ಟರಿಗೆ ಈ ಔಷಧದ ಸಂಗತಿ ಗೊತ್ತಾಗಲಿಲ್ಲವೇ? ಕಂಪ್ಯೂಟರಿನಲ್ಲಿ ಎಲ್ಲ ಇತ್ತು, ಆದರೆ ಆ ವಾರ ಊರಿಗೆಲ್ಲ ವಾಂತಿಭೇದಿ ಹಬ್ಬಿ ವರಾಂಡ ತುಂಬಿತ್ತು. ಇವನೂ ಅವರಲ್ಲೊಬ್ಬ ಎಂದು ಗ್ಲೂಕೋಸ್ ಹಾಕಿ ಮಲಗಿಸಿದ್ದರು. ಅಂಥ ಹೊತ್ತಿಗೆಂದೇ ಈ ಔಷಧ ಪಡೆಯುವ ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಕೊಟ್ಟಿರುತ್ತಾರೆ. ಪರ್ಸಿನಲ್ಲಿ ಸದಾ ಇರಬೇಕು, ಯಾವ ಡಾಕ್ಟರ ಬಳಿ ಹೋದರೂ ಮೊದಲು ತೋರಿಸಬೇಕು.

"ಕೌಕೊ ಪರ್ಸಿನಲ್ಲಿ ಆ ಕಾರ್ಡ್ ಇರಲಿಲ್ಲ" ಅಂದಳು ಡಾಕ್ಟರ್.

ಹೊರಡುವಾಗ ಹುರ್ಮೆ ಮಾರ್ಯುತ್‌ಳಿಂದ ಎರಡು ವಿವರ ಬರೆದುಕೊಂಡ. ಮೊದಲನೆಯದು ಅವಳು ಕರೆ ಮಾಡುತ್ತಿದ್ದ ನಂಬರು. ಎರಡನೆಯದು, ಇಂಥ ರೋಗಿಗಳನ್ನು ಕರೆತರಲು ಸರ್ಕಾರದ ಲೆಕ್ಕದಲ್ಲಿ ಟ್ಯಾಕ್ಸಿ ಸಿಗುತ್ತದೆ. ಕೌಕೊನ ಹೆಸರಿನ ಮುಂದೆ ಮಾತ್ರ "ಅಗತ್ಯವಿಲ್ಲ" ಎಂದಿತ್ತು.

ನಂಬರು ತೌನೊ ವಿಯೆರಿಮಾ ಎಂಬವನದ್ದು. ಎಪ್ಪತ್ತು ವರ್ಷ, ಒಂಟಿ, ಒಂದು ಕಾಲಕ್ಕೆ ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸುತ್ತಿದ್ದವನು. ಲೆಪ್ಪಿಕಂಗಾಸ್ ಎಂಬ ಹಳ್ಳಿಯಲ್ಲಿ ಕೌಕೊನ ನೆರೆಯವನು. ನೆರೆ ಎಂದರೆ ಪೈನ್ ಕಾಡಿನ ನಡುವೆ ಎಂಟುನೂರು ಮೀಟರ್.

ಮರುದಿನ ಮಂಗಳವಾರ ಇಬ್ಬರೂ ಅಲ್ಲಿಗೆ ಹೋದರು. ಹಿಮ ಇನ್ನೂ ಬಿದ್ದಿರಲಿಲ್ಲ. ಚಳಿಗಾಲದಲ್ಲಿ ಹಗಲೇ ಸರಿಯಾಗಿ ಆಗದ ಈ ಉತ್ತರದ ಸೀಮೆಯಲ್ಲಿ, ಹಿಮ ಬಿದ್ದರೆ ಅದರ ಬಿಳುಪಿನಿಂದ ಒಂದಿಷ್ಟು ಬೆಳಕಾದರೂ ಇರುತ್ತದೆ. ಅದೂ ಇಲ್ಲದ ನವೆಂಬರ್ ಮನುಷ್ಯರನ್ನು ಹಿಂಡಿಬಿಡುತ್ತದೆ. ಮೊದಲು ಕೌಕೊನ ಮನೆಯ ಪಂಚನಾಮೆ ಆಯಿತು. ಅಂಚೆಯವಳು ಸಾಕ್ಷಿಯಾಗಿ ನಿಂತಳು. ಹಾಸಿಗೆಯ ಪಕ್ಕ ಬಕೆಟ್ಟು, ಒಲೆಯ ಮೇಲೆ ಬೇಯಿಸಿ ಹಾಗೇ ಬಿಟ್ಟ ಆಲೂಗಡ್ಡೆ. ಕಸದ ಬುಟ್ಟಿಯಲ್ಲಿ ಭೇದಿ ಕಟ್ಟುವ ಮಾತ್ರೆಯ ಖಾಲಿ ಡಬ್ಬಿಗಳು ಸಿಕ್ಕವು. ಹುರ್ಮೆ ಅವನ್ನು ಮೇಜಿನ ಮೇಲೆ ಜೋಡಿಸಿಟ್ಟು ಎಣಿಸಿದ, ಎಣಿಸಿ ತಲೆ ಕೆರೆದುಕೊಂಡ.

"ಇಷ್ಟು ಮಾತ್ರೆ ನುಂಗೋ ಬದಲು ಒಂದು ಫೋನ್ ಮಾಡಬಾರದಾಗಿತ್ತಾ ಈ ಮುದುಕ?"

"ಫೋನ್ ಮಾಡಿ ಆಗಿದೆ ಅಂತ ಅಂದ್ಕೊಂಡಿದ್ನೇನೋ" ಅಂದಳು ರಿತ್ವಾ. ಡಬ್ಬಿಗಳ ಫೋಟೊ ತೆಗೆದು ಆಗಲೇ ಡಾಕ್ಟರಿಗೆ ಕಳಿಸಿದಳು.

ತೌನೊ ಬಾಗಿಲಲ್ಲೇ ನಿಂತು ಮಾತಾಡಿದ. ದಪ್ಪ ದನಿ, ಸಾವಕಾಶ. ಮಾರ್ಯುತ್ ವರ್ಣಿಸಿದ್ದ ದನಿ ಇದೇ ಎಂಬುದರಲ್ಲಿ ಅನುಮಾನ ಇರಲಿಲ್ಲ. ಅವನೂ ಮುಚ್ಚಿಡಲಿಲ್ಲ. ಹೌದು, ಫೋನ್ ತನ್ನದೇ, ಮಾತಾಡಿದ್ದೂ ತಾನೇ. ಕೌಕೊಗೆ ಫೋನಿನಲ್ಲಿ ಕಿವಿ ಕೇಳಿಸದು, ನೀನೇ ಮಾತಾಡು ಅಂದಿದ್ದ. ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದದ್ದೂ ತಾನೇ, ತನ್ನ ಕಾರಿನಲ್ಲಿ, ಹೋಗಿಬರಲು ಇಡೀ ದಿನ. ಹೊಟ್ಟೆ ಕೆಟ್ಟ ವಿಷಯ ಮಾತ್ರ ಅವನು ತನಗೇನೂ ಹೇಳಲಿಲ್ಲ. ಗುರುವಾರ ಅವನು ಬಚ್ಚಲಲ್ಲಿ ಬಿದ್ದಿದ್ದು ನೋಡಿ ಆಂಬುಲೆನ್ಸ್ ಕರೆಸಿದ್ದೂ ತಾನೇ ಅಲ್ಲವೇ?

"ಟ್ಯಾಕ್ಸಿ ಸಿಗುತ್ತಲ್ಲ. ನೀವ್ಯಾಕೆ ಅಷ್ಟು ದೂರ?"

"ನಮ್ಮೂರಿಗೆ ಟ್ಯಾಕ್ಸಿ ಬರಲ್ಲ. ಕೌಕೊನೇ ವಿಚಾರಿಸಿ ಹೇಳ್ದ."

ಸ್ವಲ್ಪ ಹೊತ್ತಿಗೆ, ನಿಂತವರನ್ನು ನಿಲ್ಲಿಸಿಯೇ ಕಳಿಸುವುದು ಸರಿಯಲ್ಲ ಅನ್ನಿಸಿತೋ ಏನೋ, ಕಾಫಿ ಇದೆ ಎಂದ. ಅಡುಗೆಮನೆ ಒರೆಸಿಟ್ಟಂತಿತ್ತು. ತೌನೊ ಎರಡನೆಯ ಮತ್ತು ಮೂರನೆಯ ಕಪ್ಪಿಗಾಗಿ ಬಹಳ ಹುಡುಕಾಡಿದ. ಗೋಡೆಯ ಮೇಲೆ ಕ್ಯಾಲೆಂಡರ್. ಮೂರು ವಾರಕ್ಕೊಂದು ಗುರುವಾರಕ್ಕೆ ಕೆಂಪು ಸುತ್ತು. ಪಕ್ಕದಲ್ಲೇ ಮುಂದಿನ ವರ್ಷದ್ದನ್ನೂ ಆಗಲೇ ತೂಗುಹಾಕಿದ್ದ. ಅದರಲ್ಲೂ ಡಿಸೆಂಬರ್ ತನಕ ಗುರುವಾರಗಳಿಗೆ ಸುತ್ತು ಬಿದ್ದಿತ್ತು. ಬೇರೆ ಯಾವ ದಿನಕ್ಕೂ ಒಂದು ಗುರುತಿಲ್ಲ, ಒಂದು ಹುಟ್ಟುಹಬ್ಬವೂ ಇಲ್ಲ.

ರಿತ್ವಾಗೆ ಅದನ್ನು ನೋಡುತ್ತ ನಿಲ್ಲಲು ಕಷ್ಟವಾಯಿತು. ಅವಳ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇದ್ದದ್ದು ಡ್ಯೂಟಿ ಪಾಳಿ ಮಾತ್ರ.

ವಾಪಸು ಬರುವಾಗ ಹುರ್ಮೆ ಟ್ಯಾಕ್ಸಿ ಕಚೇರಿಗೆ ಫೋನ್ ಹಚ್ಚಿದ. ಲೆಪ್ಪಿಕಂಗಾಸ್‌ಗೆ ಟ್ಯಾಕ್ಸಿ ಬಾರದೆ ಏನು, ಅದರಾಚೆಯ ಹಳ್ಳಿಯಿಂದಲೇ ವಾರಕ್ಕೆ ಮೂರು ಸಲ ಡಯಾಲಿಸಿಸ್ ರೋಗಿಯನ್ನು ಕರೆತರುತ್ತಿದೆ ಎಂದು ಉತ್ತರ ಬಂತು. ಮುದುಕ ಸುಳ್ಳಿನ ಸರಮಾಲೆ ಪೋಣಿಸುತ್ತಿದ್ದಾನೆ ಎಂದು ಹುರ್ಮೆ ಹುರುಪುಗೊಂಡ. ರಿತ್ವಾ ಅದನ್ನೂ ಬರೆದುಕೋ ಎಂದಳು.

ಹೆದ್ದಾರಿಯಲ್ಲಿ ಅರ್ಧ ದಾರಿಗೆ ಒಂದು ಪೆಟ್ರೋಲ್ ಬಂಕ್, ಅದಕ್ಕೆ ಅಂಟಿಕೊಂಡ ಹೋಟೆಲ್ಲು. ಕೇಂದ್ರ ಆಸ್ಪತ್ರೆಗೆ ಹೋಗುವವರೆಲ್ಲ ನಿಲ್ಲುವ ಜಾಗ. ಅಲ್ಲಿ ಅಡುಗೆ ಮಾಡುವ ಸೇಯಾ, ಇಬ್ಬರು ಮುದುಕರ ಫೋಟೊ ನೋಡಿದ ಕೂಡಲೇ ನಕ್ಕಳು.

"ಅಯ್ಯೋ, ನನ್ನ ಗುರುವಾರದ ಗಂಡಂದಿರು. ಗುರುವಾರ ಅಂದ್ರೆ ಊರೆಲ್ಲಾ ಮಾಡೋ ಬಟಾಣಿ ಸೂಪು, ಆಮೇಲೆ ಜ್ಯಾಮ್ ಹಾಕಿದ ದೋಸೆ. ಎರಡು ಗಂಟೆ ಹೊತ್ತು ಕೂರ್ತಾರೆ, ಎರಡು ಮಾತಾಡಿದ್ರೆ ಹೆಚ್ಚು. ನಾನು ಒಂದ್ಸಲ ಕೇಳ್ದೆ, ಏನ್ರಪ್ಪಾ, ಜಗಳಾನಾ ಅಂತ. ಇಲ್ಲ ಕಣಮ್ಮಾ, ಮಾತಾಡ್ತಾ ಇದೀವಿ ಅಂದ್ರು."

ಕೊನೆಯ ಸಲ ಬಂದಾಗ ಹೇಗಿದ್ದರು ಎಂದು ರಿತ್ವಾ ಕೇಳಿದಳು. ಸೇಯಾ ನಗು ನಿಲ್ಲಿಸಿದಳು. ತೆಳ್ಳಗಿರುವವರು ಸೂಪು ಮುಟ್ಟಲಿಲ್ಲ, ನಾಲ್ಕೈದು ಸಲ ಶೌಚಕ್ಕೆ ಎದ್ದು ಹೋದರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅವರು ಒಳಗಿದ್ದಾಗ ಅವಳು ಇನ್ನೊಬ್ಬರನ್ನು ಕೇಳಿದಳಂತೆ, ಡಾಕ್ಟರಿಗೆ ಹೇಳಿದ್ರಾ ಎಂದು.

"ಅದಕ್ಕೆ ಏನಂದ್ರು?"

"ಹೇಳಿದ್ದಾಯ್ತು, ವಾರದಿಂದ ಹೀಗೇ ಇದೆ, ಊರಿಗೆಲ್ಲಾ ಬಂದಿರೋ ಹೊಟ್ಟೆ ಕಾಯಿಲೆಯಂತೆ ಅಂದ್ರು."

ಅದು ಅಕ್ಟೋಬರ್ 31. ನರ್ಸಿಗೆ ಏನೂ ಇಲ್ಲ ಎಂದ ಮರುದಿನ. ವಾರದಿಂದ ಇದೆ ಎಂಬ ಮಾತನ್ನು ರಿತ್ವಾ ಅಲ್ಲಿಂದಲೇ ಡಾಕ್ಟರಿಗೆ ತಿಳಿಸಿದಳು. ಕೌಕೊಗೆ ಇನ್ನೂ ಪ್ರಜ್ಞೆ ಬಂದಿಲ್ಲ ಎಂದು ಆ ಕಡೆಯಿಂದ ಉತ್ತರ ಬಂತು.

ನವೆಂಬರ್ 20, ಬುಧವಾರ ಬೆಳಗ್ಗೆ ತೌನೊನ ಕಾರಿನ ತಪಾಸಣೆ ನಡೆಯಿತು. ಮುಂದಿನ ಸೀಟಿನೆದುರಿನ ಡಬ್ಬಿಯಲ್ಲಿ ಕೌಕೊ ಮರೆತುಹೋದ ಉಣ್ಣೆಯ ಕೈಗವಸು, ನೀಟಾಗಿ ಮಡಿಸಿಟ್ಟದ್ದು. ಅದರೊಳಗೆ ಆ ಕಾರ್ಡ್. ಪಂಚನಾಮೆಗೆ ಸಹಿ ಹಾಕುವಾಗ ತೌನೊ ಪೆನ್ನಿನ ಮುಚ್ಚಳ ತೆಗೆಯುವುದನ್ನೇ ಮರೆತಿದ್ದ. ಹತ್ತು ಗಂಟೆಗೆ ಅವನನ್ನು ಬಂಧಿಸಿ ಠಾಣೆಗೆ ಕರೆತಂದರು. ವಕೀಲ ಬೇಡ ಅಂದ.

"ಈ ಕಾರ್ಡು ನಿಮ್ಮ ಗಾಡಿಗೆ ಹೇಗೆ ಬಂತು?"

"ಅವನೇ ಕೊಟ್ಟ. ಡ್ರಿಪ್‌ಗೆ ಹೋಗೋ ದಾರೀಲಿ. ಹೊಟ್ಟೆ ವಿಷಯ ಇದರಲ್ಲಿ ಏನೋ ಇತ್ತು ಕಣೋ, ಓದು ಅಂದ. ಕನ್ನಡಕ ಮನೇಲಿ ಬಿಟ್ಟಿದ್ದ."

"ಓದಿದ್ರಾ?"

"ಓದ್ದೆ."

"ಏನಿತ್ತು?"

"ಭೇದಿ ಶುರುವಾದ್ರೆ ತಡ ಮಾಡದೆ ಫೋನ್ ಮಾಡಿ ಅಂತ."

"ಅವರಿಗೆ ಏನಂತ ಓದಿ ಹೇಳಿದ್ರಿ?"

ತೌನೊ ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದ. "ಜ್ವರ ಬಂದ್ರೆ ಮಾತ್ರ ಅಂತ."

ಹುರ್ಮೆ ಟೈಪ್ ಮಾಡುವುದನ್ನು ನಿಲ್ಲಿಸಿದ. ರಿತ್ವಾ ಅವನತ್ತ ನೋಡಿದ ಮೇಲೆ ಮತ್ತೆ ಶುರು ಮಾಡಿದ.

ಉಳಿದದ್ದು ತುಂಡು ತುಂಡಾಗಿ ಬಂತು. ಹೊಟ್ಟೆ ಕೆಟ್ಟ ದಿನವೇ ಕೌಕೊ ಅವನಿಗೆ ಹೇಳಿದ್ದ, ನರ್ಸಮ್ಮನಿಗೆ ತಿಳಿಸು ಅಂದಿದ್ದ. ತಿಳಿಸಿದೆ, ಮಾತ್ರೆ ತಗೊಳ್ಳಲು ಹೇಳಿದರು ಎಂದು ತೌನೊ ಸುಳ್ಳು ಹೇಳಿದ. ಮಾತ್ರೆಯನ್ನೂ ತಾನೇ ತಂದುಕೊಟ್ಟ. ಕೌಕೊ ನಂಬಿದ. ಸಂಕಟ ಹೇಳಿಕೊಳ್ಳುವುದೇ ನಾಚಿಕೆ ಅನ್ನಿಸುವವನಿಗೆ, ಒಂದು ಸಲ ಹೇಳಿದ್ದಾಯಿತಲ್ಲ ಎಂಬುದೇ ದೊಡ್ಡ ನೆಮ್ಮದಿ. ಎರಡನೆಯ ಸಲ ಹೇಳುವ ಪ್ರಶ್ನೆಯೇ ಇಲ್ಲ. ಕೊನೆಗೆ ಚಿಕ್ಕ ಆಸ್ಪತ್ರೆಯಲ್ಲಿ, ಬೇರೆ ಔಷಧ ಏನಾದರೂ ನಡೆಯುತ್ತಿದೆಯೇ ಎಂದು ಡಾಕ್ಟರ್ ಕೇಳಿದಾಗ, ತೌನೊ ಬಿ.ಪಿ. ಮಾತ್ರೆ ಅಂದ. ಆಂಬುಲೆನ್ಸಿನ ಹಿಂದೆಯೇ ಅವನು ಓಡಿಸಿಕೊಂಡು ಬಂದ ಕಾರು ಹೊರಗೇ ನಿಂತಿತ್ತು, ಕಾರ್ಡು ಅದರಲ್ಲೇ ಇತ್ತು.

"ಆಗಲಾದ್ರೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹಿಂದಿಂದೆಲ್ಲಾ ಗೊತ್ತಾಗುತ್ತಲ್ಲ. ಅವನಿಗೂ ಗೊತ್ತಾಗುತ್ತೆ."

"ಮೊದಲನೇ ಸುಳ್ಳು ಯಾಕೆ ಹೇಳಿದ್ರಿ?"

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಒಬ್ಬ ಸಿಕ್ಕಿದ್ದನಂತೆ. ಅದೇ ಔಷಧ, ಅದೇ ಕುರ್ಚಿ. ಭೇದಿ ಶುರುವಾಯಿತು, ಔಷಧ ನಿಲ್ಲಿಸಿಬಿಟ್ಟರು, ಇನ್ನು ಈ ಕಡೆ ಬರುವ ಕೆಲಸವಿಲ್ಲ ಎಂದು ಹೇಳಿ ಎದ್ದುಹೋದ.

"ನಿಂತ್ರೆ ಕೌಕೊ ಸಾಯ್ತಾರೆ ಅಂತ ಹೆದರಿದ್ರಾ?"

"ಹಂಗಂತ ಬರ್ಕೊಳ್ಳಿ."

"ನಿಜ ಹೌದಾ?"

ತೌನೊ ಕಿಟಕಿಯತ್ತ ತಿರುಗಿದ. "ಅರ್ಧ ನಿಜ" ಅಂದ. "ಇನ್ನರ್ಧ ಗುರುವಾರ."

"ಗುರುವಾರ ಅಂದ್ರೆ?"

"ಬೆಳಗ್ಗೆ ಆರಕ್ಕೆ ಹಾರ್ನ್ ಮಾಡ್ತೀನಿ. ಅವನು ಫ್ಲಾಸ್ಕ್ ಹಿಡ್ಕೊಂಡು ಬರ್ತಾನೆ. ರೇಡಿಯೊ ಹಾಕ್ತಾನೆ. ಡ್ರಿಪ್ ಮುಗಿಯೋ ತನಕ ಪಕ್ಕದಲ್ಲಿ ಕೂತಿರ್ತೀನಿ. ಬರ್ತಾ ಸೂಪು. ಆಮೇಲೆ ಇಪ್ಪತ್ತು ದಿನ ಯಾರೂ ಇಲ್ಲ."

"ಎಂಟುನೂರು ಮೀಟರ್ ತೌನೊ. ಯಾವತ್ತು ಬೇಕಾದ್ರೂ ಹೋಗಬಹುದಿತ್ತು."

"ಕೆಲಸ ಇಲ್ದೆ ಹೇಗೆ ಹೋಗೋದು?" ಅವನು ನಿಜಕ್ಕೂ ಅಚ್ಚರಿಯಿಂದ ಅವಳನ್ನು ನೋಡಿದ. "ಹೋಗಿ ಬಾಗಿಲಲ್ಲಿ ನಿಂತು ಏನಂತ ಹೇಳೋದು?"

ರಿತ್ವಾಳ ಕೆಳಗಿನ ಮನೆಯಲ್ಲಿ ಒಬ್ಬಳು ಹನ್ನೊಂದು ವರ್ಷದಿಂದ ಪಿಯಾನೊ ನುಡಿಸುತ್ತಾಳೆ. ಚೆನ್ನಾಗಿ ನುಡಿಸುತ್ತೀರಿ ಎಂದು ಹೇಳಲು ರಿತ್ವಾ ಒಂದು ಸಲವೂ ಮೆಟ್ಟಿಲಿಳಿದಿಲ್ಲ. ಈ ನಾಡಿನಲ್ಲಿ ಸತ್ತವರ ಮನೆಗೆ ಹೋಗಲೂ ಒಂದು ಕಾರಣ ಹುಡುಕುತ್ತಾರೆ, ಎಂಥ ಕರ್ಮವಿದು ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟು ಅವನ ಮೇಲೋ ತನ್ನ ಮೇಲೋ ತಿಳಿಯಲಿಲ್ಲ.

ಒಂದು ಮಾತು ಹೇಳದೆ ಬಿಡಬಹುದಿತ್ತು, ಆದರೆ ಹೇಳಿದಳು. "ಡಾಕ್ಟರ್‌ನ ಕೇಳಿದೆ. ಔಷಧ ನಿಲ್ಲಿಸಿದ ತಕ್ಷಣ ಎಲ್ಲಾ ಮುಗೀತು ಅಂತಲ್ಲ. ಎಷ್ಟೋ ಜನಕ್ಕೆ ಅದರ ಗುಣ ಆಮೇಲೂ ಉಳಿಯುತ್ತಂತೆ. ತಪಾಸಣೆಗೂ ಕರೀತಾನೇ ಇರ್ತಾರೆ, ವರ್ಷಗಟ್ಟಲೆ."

ತೌನೊಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದಾಗ ಅವನ ದೊಡ್ಡ ಮೈ ಕುರ್ಚಿಯಲ್ಲಿ ಕುಸಿಯಿತು.

"ಯಾರೂ ಹೇಳ್ಲಿಲ್ಲ" ಅಂದ.

"ನೀವು ಯಾರನ್ನೂ ಕೇಳ್ಲಿಲ್ಲ."

ಬೇರೆಯವರ ಹೆಸರಿನಲ್ಲಿ ಮಾತಾಡಿ ಆಸ್ಪತ್ರೆಯನ್ನು ವಂಚಿಸಿದ್ದು, ಮಾಹಿತಿ ಮುಚ್ಚಿಟ್ಟು ಜೀವಕ್ಕೆ ಅಪಾಯ ತಂದದ್ದು: ಮಧ್ಯಾಹ್ನ ಎರಡಕ್ಕೆ ಆರೋಪಗಳನ್ನು ಓದಿ ಹೇಳಿದರು. ಕೌಕೊ ಬದುಕದಿದ್ದರೆ ಆರೋಪ ಇನ್ನೂ ಭಾರವಾಗಲಿತ್ತು. ತೌನೊ ಕೇಳಿದ್ದು ಅದನ್ನಲ್ಲ. ಕೌಕೊಗೆ ಎಚ್ಚರವಾಯಿತೇ ಎಂದು ಮಾತ್ರ ಕೇಳಿದ, ಎರಡು ಸಲ.

ಎಚ್ಚರವಾದದ್ದು ಮರುದಿನ. ಭೇದಿ ಶುರುವಾದ ದಿನ, ಮಾತ್ರೆಗಳ ಲೆಕ್ಕ ಸಿಕ್ಕಿದ್ದು ಉಪಯೋಗಕ್ಕೆ ಬಂತು ಎಂದು ಡಾಕ್ಟರ್ ಹೇಳಿದಳು. ಜ್ವರ ಇಳಿದಿತ್ತು. ಕರುಳಿನ ಒಂದು ಭಾಗ ಹೋಯಿತು, ಮನುಷ್ಯ ಉಳಿದ. ಹತ್ತು ನಿಮಿಷಕ್ಕಿಂತ ಹೆಚ್ಚು ಮಾತಾಡಿಸಬೇಡಿ ಎಂದು ಎಚ್ಚರಿಸಿ, ಅವಳು ಬಾಗಿಲು ಬಿಟ್ಟುಕೊಟ್ಟಳು.

ರಿತ್ವಾ ನಡೆದದ್ದನ್ನು ಮರೆಮಾಚದೆ ಹೇಳಿದಳು. ಕೌಕೊ ಕಣ್ಣು ಮುಚ್ಚಿಕೊಂಡು ಕೇಳಿದ. ಮುಗಿದ ಮೇಲೂ ತೆರೆಯಲಿಲ್ಲ.

"ಕಾರ್ಡಲ್ಲಿ ಜ್ವರ ಅಂತ ಬರೆದಿರಲಿಲ್ಲ ಅಂತ ನನಗೆ ಜ್ಞಾಪಕ ಇತ್ತು" ಅಂದ ಕೊನೆಗೆ, ಆ ತೆಳ್ಳಗಿನ ದನಿಯಲ್ಲಿ. "ಅವನು ಹಂಗೆ ಓದಿದ ಮೇಲೆ, ನಂದೇ ತಪ್ಪಿರಬೇಕು ಅಂದ್ಕೊಂಡೆ."

"ಟ್ಯಾಕ್ಸಿ ವಿಷಯ ಒಂದು ಬಾಕಿ ಇದೆ. ನಿಮ್ಮೂರಿಗೆ ಬರಲ್ಲ ಅಂತ ತೌನೊ ಹೇಳಿದ್ರು. ಬರುತ್ತೆ. ಅದೂ ಅವರ ಸುಳ್ಳೇನಾ?"

ಕೌಕೊ ಕಣ್ಣು ತೆರೆದ.

"ಅಲ್ಲ. ಅದು ನಂದು."

ಹುರ್ಮೆ ಬರೆಯುವುದನ್ನು ನಿಲ್ಲಿಸಿದ.

"ಮೊದಲನೇ ದಿನವೇ ಕೊಡ್ತೀವಿ ಅಂದ್ರು. ಬೇಡ ಅಂದೆ. ಟ್ಯಾಕ್ಸಿ ಬರಲ್ವಂತೆ ಕಣೋ, ನೀನೇ ಬಿಡ್ತೀಯಾ ಅಂತ ತೌನೊನ ಕೇಳ್ದೆ. ಇನ್ನೇನಂತ ಕರೀಲಿ?" ಅವನ ಎದೆ ಏರಿಳಿಯಿತು. "ಇವತ್ತು ಗುರುವಾರ ಅಲ್ವಾ? ಅಲ್ಲಿ ಅವನಿಗೆ ಊಟ ಏನು ಕೊಡ್ತೀರಿ?"

"ಬಟಾಣಿ ಸೂಪು" ಅಂದಳು ರಿತ್ವಾ. "ಗುರುವಾರ ಠಾಣೆಯಲ್ಲೂ ಅದೇ."

ಕೌಕೊ ತಲೆಯಾಡಿಸಿ ಗೋಡೆಯ ಕಡೆ ಹೊರಳಿದ. ಹತ್ತು ನಿಮಿಷ ಆಗಿತ್ತು.

ವರಾಂಡದಲ್ಲಿ ಹುರ್ಮೆ ಪುಸ್ತಕ ತೆರೆದುಕೊಂಡೇ ನಡೆಯುತ್ತಿದ್ದ. ಟ್ಯಾಕ್ಸಿಯ ಮಾತು ಕೇಸಿಗೆ ಬೇಕೇ, ಹೇಳಿಕೆಯಲ್ಲಿ ಸೇರಿಸಲೇ ಎಂದು ಕೇಳಿದ.

"ಸೇರಿಸು. ಅವರು ಹೇಳಿದ ಹಾಗೇ, ಒಂದು ಮಾತೂ ಬಿಡದೆ" ಅಂದಳು ರಿತ್ವಾ. "ಹೇಳಿಕೆ ಓದೋ ಹಕ್ಕು ಆರೋಪಿಗೆ ಇದೆ."